'ಕ್ರೆಡಿಟೆಡ್' ಅಂತ ಕಂಡ ತಕ್ಷಣ ದುಡ್ಡು ಬಂತು ಅಂದ್ಕೋಬೇಡಿ: ಮೆಸೇಜಿನ ಇಂಗ್ಲಿಷ್ ಓದೋದು ಹೀಗೆ

ಅಂಗಡಿ ನಡೆಸೋರಿಗೆ ಇಂಗ್ಲಿಷ್ ವ್ಯಾಕರಣ ಯಾಕೆ ಅಂತ ಕೇಳಬಹುದು. ಕೌಂಟರ್ ಮುಂದೆ ಗಿರಾಕಿ ಸಾಮಾನು ಹಿಡ್ಕೊಂಡು ಹೊರಡೋಕೆ ನಿಂತಿರ್ತಾರೆ. ಫೋನಿಗೆ ಬಂದ ಮೆಸೇಜಲ್ಲಿ 'ಕ್ರೆಡಿಟೆಡ್' ಅನ್ನೋ ಒಂದು ಪದ ಕಂಡರೆ ಸಾಕು, ದುಡ್ಡು ಬಂತು ಅಂತ ಕಳಿಸಿಬಿಡ್ತೀವಿ. ಆದರೆ ಆ ಪದ ಒಂದನ್ನೇ ನೋಡಿದರೆ ದುಡ್ಡು ಬಂದಿದೆಯೋ, ಮುಂದೆ ಯಾವಾಗಲೋ ಬರುತ್ತೋ ಗೊತ್ತಾಗಲ್ಲ.

ಶಾಲೆಯಲ್ಲಿ ನಮಗೆ ಹೇಳಿಕೊಟ್ಟಿದ್ದು ಸುಲಭದ ಸೂತ್ರ: ಕ್ರಿಯಾಪದದ ಕೊನೆಗೆ 'ಇಡಿ' ಸೇರಿದರೆ ಭೂತಕಾಲ. ಅದು ಅರ್ಧ ಮಾತ್ರ ನಿಜ. ಈ 'ಇಡಿ' ರೂಪ ಬೇರೆ ಕಾಲಗಳಲ್ಲೂ ಬಂದು ಕೂರುತ್ತೆ. ಕಾಲ ಯಾವುದು ಅಂತ ಹೇಳೋದು ಅದರ ಹಿಂದಿರೋ ಪುಟ್ಟ ಪದಗಳು.

'ಹ್ಯಾಸ್ ಬೀನ್ ಕ್ರೆಡಿಟೆಡ್' ಅಂದರೆ ಜಮಾ ಆಗಿದೆ. 'ವಾಸ್ ಕ್ರೆಡಿಟೆಡ್' ಅಂದರೆ ಜಮಾ ಆಯ್ತು. ಇವೆರಡರಲ್ಲೂ ಕೆಲಸ ಮುಗಿದಿದೆ. 'ಈಸ್ ಬೀಯಿಂಗ್ ಪ್ರೊಸೆಸ್ಡ್' ಅಂದರೆ ಕೆಲಸ ಇನ್ನೂ ನಡೀತಾ ಇದೆ, ಸಾಮಾನು ಕೊಡಬೇಡಿ. 'ವಿಲ್ ಬಿ ಕ್ರೆಡಿಟೆಡ್' ಅಂದರೆ ಇನ್ನು ಮುಂದೆ ಆಗೋದು. ಒಂದು ಗೊಂದಲ ಇದೆ: ಕೆಲವು ಬ್ಯಾಂಕಿನವರು 'ಈಸ್ ಕ್ರೆಡಿಟೆಡ್' ಅಂತ ಬರೀತಾರೆ. ನೋಡೋಕೆ ವರ್ತಮಾನ, ಅರ್ಥ ಮಾತ್ರ 'ಆಗಿದೆ' ಅಂತಲೇ. ಜೊತೆಗೆ ತಾರೀಕು ಇರುತ್ತೆ, ಅದನ್ನ ನೋಡಿ.

ನಮಗೆ ತೊಡಕಾಗೋಕೆ ಕನ್ನಡದ ರೀತಿಯೂ ಒಂದು ಕಾರಣ ಅನ್ನಿಸುತ್ತೆ. 'ದಿನಾ ಬರ್ತೀನಿ' ಅಂತೀವಿ, 'ನಾಳೆ ಬರ್ತೀನಿ' ಅಂತಲೂ ಅಂತೀವಿ. ಒಂದೇ ರೂಪ, 'ನಾಳೆ' ಅನ್ನೋ ಪದದಿಂದ ಕಾಲ ತಿಳೀತದೆ. ಇಂಗ್ಲಿಷ್‌ನಲ್ಲಿ 'ವಿಲ್' ಬೇರೆಯಾಗಿ ನಿಂತಿರುತ್ತೆ. ಅವಸರದಲ್ಲಿ ಓದೋವಾಗ ನಮ್ಮ ಕಣ್ಣು ಅದನ್ನ ಹಾರಿಸಿ ದೊಡ್ಡ ಪದಕ್ಕೇ ಹೋಗಿಬಿಡುತ್ತೆ.

ಜಗಳ ಹೆಚ್ಚು ಆಗೋದು ಫೇಲ್ ಆದ ಯುಪಿಐ ವಿಚಾರದಲ್ಲಿ. ಗಿರಾಕಿ ಫೋನಲ್ಲಿ 'ಡೆಬಿಟೆಡ್', ನಿಮ್ಮ ಕಡೆ ಏನೂ ಇಲ್ಲ. ಆಮೇಲೆ ಅವರಿಗೆ 'ಅಮೌಂಟ್ ಡೆಬಿಟೆಡ್ ವಿಲ್ ಬಿ ರಿಫಂಡೆಡ್' ಅಂತ ಬರಬಹುದು. ಒಂದೇ ಸಾಲಲ್ಲಿ ಎರಡು ಕಾಲ: ಕಡಿತ ಆಗಿರೋದು ಹಿಂದೆ, ವಾಪಸ್ ಬರೋದು ಮುಂದೆ. ಇಬ್ಬರೂ ಸುಳ್ಳು ಹೇಳ್ತಾ ಇಲ್ಲ. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ ಅಂಗಡಿಗೆ ಮಾಡಿದ ಯುಪಿಐ ಪಾವತಿ ಹೀಗೆ ನಡುವೆ ಸಿಕ್ಕಿಕೊಂಡರೆ, ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ದುಡ್ಡು ತಾನಾಗೇ ವಾಪಸ್ ಆಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಗಿರಾಕಿಗೆ ಸಿಗಬೇಕು. ಇದನ್ನ ಅವರಿಗೂ ಹೇಳಿ, ಕೌಂಟರ್ ಹತ್ರ ಗಲಾಟೆ ಕಡಿಮೆಯಾಗುತ್ತೆ.

'ವಿಲ್' ನಿಮಗೆ ಅನುಕೂಲ ಆಗೋ ಜಾಗಾನೂ ಇದೆ. ಆಟೋಪೇ ಹಾಕಿಸಿದ್ದರೆ 'ವಿಲ್ ಬಿ ಡೆಬಿಟೆಡ್' ಅಂತ ಮುಂಚೆಯೇ ಮೆಸೇಜ್ ಬರುತ್ತೆ. ಇನ್ನೂ ಹೋಗಿಲ್ಲ ಅಂತ ಅರ್ಥ. ಬೇಡದ ಆ್ಯಪ್‌ನದ್ದಾದರೆ ತಡ ಮಾಡದೆ ಕ್ಯಾನ್ಸಲ್ ಮಾಡಿ. 'ಹ್ಯಾಸ್ ಬೀನ್ ಡೆಬಿಟೆಡ್' ಅಂತ ಬಂದ ಮೇಲೆ ನಿಲ್ಲಿಸೋ ಮಾತೇ ಇಲ್ಲ, ವಾಪಸ್ ಕೇಳೋದು ಮಾತ್ರ.

ವ್ಯಾಕರಣ ಸರಿ ಇದ್ದ ಮಾತ್ರಕ್ಕೆ ಮೆಸೇಜು ಅಸಲಿ ಅಂತೇನಿಲ್ಲ. ಮೋಸ ಮಾಡೋರೂ 'ಹ್ಯಾಸ್ ಬೀನ್ ಕ್ರೆಡಿಟೆಡ್' ಅಂತ ನೀಟಾಗಿ ಟೈಪ್ ಮಾಡಿ ಕಳಿಸಿ, 'ಅಣ್ಣಾ, ಒಂದು ಸೊನ್ನೆ ಜಾಸ್ತಿ ಬಿತ್ತು, ವಾಪಸ್ ಹಾಕಿ' ಅಂತ ಫೋನ್ ಮಾಡ್ತಾರೆ. ಸಾಮಾನ್ಯ ಹತ್ತಂಕಿ ಮೊಬೈಲ್ ನಂಬರಿಂದ ಬಂದ 'ಬ್ಯಾಂಕ್ ಮೆಸೇಜ್' ನಂಬಬೇಡಿ, ಗಿರಾಕಿ ತೋರಿಸೋ ಸ್ಕ್ರೀನ್‌ಶಾಟನ್ನೂ ನಂಬಬೇಡಿ. ನಿಮ್ಮದೇ ಆ್ಯಪ್ ತೆಗೆದು ಬ್ಯಾಲೆನ್ಸ್ ನೋಡಿ. ದುಡ್ಡು ಪಡೆಯೋಕೆ ಯುಪಿಐ ಪಿನ್ ಹಾಕೋ ಅಗತ್ಯವೇ ಇಲ್ಲ. ಮೋಸ ಆಗೇಬಿಟ್ಟಿದ್ದರೆ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಕೂಡಲೇ ಫೋನ್ ಮಾಡಿ. ಬೆಳಿಗ್ಗೆ ಮಾಡಿದರಾಯ್ತು ಅಂತ ಬಿಟ್ಟರೆ ಅಷ್ಟರಲ್ಲಿ ದುಡ್ಡು ನಾಲ್ಕು ಖಾತೆ ದಾಟಿರುತ್ತೆ.