ಸೊನ್ನೆ ಟಿಕೆಟ್

ಕೊಬ್ಬರಿ ಹರಾಜಿನ ದಿನ ನೊಣವಿನಕೆರೆ ಬಸ್‌ಸ್ಟಾಪಿಗೆ ಬೇರೆಯದೇ ಕಳೆ. ಚೀಲ ಹೇರಿಕೊಂಡ ಲಗೇಜ್ ಆಟೋಗಳು ನಸುಕಿಗೇ ತಿಪಟೂರು ಎಪಿಎಂಸಿ ದಾರಿ ಹಿಡಿದಿರುತ್ತವೆ. ಉಳಿದ ಗಂಡಸರು ಟೀ ಅಂಗಡಿ ಮುಂದೆ ನಿಂತು ಕ್ವಿಂಟಲ್ ರೇಟಿನ ಮಾತಿಗೆ ಬೀಳುತ್ತಾರೆ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿ, ಅಲ್ಲಾಡಿಸಿದರೆ ಒಳಗೆ ಗಟಗಟ ಅನ್ನುವ ಉಂಡೆ ಕೊಬ್ಬರಿ. ಅದರ ಕರಟ ಬಿಡಿಸಿ ಕೈ ಗಟ್ಟಿಯಾದ ಹೆಂಗಸರು ರಸ್ತೆಯ ಆಚೆ ಬದಿ, ಹುಣಸೆ ನೆರಳಲ್ಲಿ. ವ್ಯಾನಿಟಿ ಬ್ಯಾಗೋ ಪ್ಲಾಸ್ಟಿಕ್ ಕವರೋ, ಒಳಗೊಂದು ಆಧಾರ್ ಕಾರ್ಡ್ ಇದ್ದೇ ಇದೆ.

ತುರುವೇಕೆರೆ ಕಡೆಯಿಂದ ಕೆಂಪು ಬಸ್ಸು ಬಂತು. ನಿಲ್ಲುವ ಮೊದಲೇ ಬಾಗಿಲು ತುಂಬಿತು.

"ಎಲ್ಲಿಗವ್ವ?"

"ತಿಪಟೂರು."

ಕಂಡಕ್ಟರ್ ಕಾರ್ಡ್ ಮೇಲೆ ಕಣ್ಣಾಡಿಸಿ, ಮೆಷಿನ್ನಿನಿಂದ ಒಂದು ಚೀಟಿ ಹರಿದು ಕೊಡುತ್ತಾನೆ. ದರ ಸೊನ್ನೆ. ಪುಕ್ಕಟೆ ಅಂದಮೇಲೆ ಚೀಟಿ ಯಾಕೆ ಅಂತ ಅಜ್ಜಿಯೊಬ್ಬಳ ತಕರಾರು. ಹರಿದ ಚೀಟಿಗಳ ಲೆಕ್ಕದ ಮೇಲೆಯೇ ಸರ್ಕಾರ ಸಾರಿಗೆ ನಿಗಮಕ್ಕೆ ಹಣ ತುಂಬಬೇಕಾದ್ದರಿಂದ, ಅಜ್ಜಿ ಬೇಡವೆಂದರೂ ಅವನು ಬಿಡುವ ಹಾಗಿಲ್ಲ. 2023ರ ಜೂನ್ 11ರಂದು ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾದಾಗಿನಿಂದ 2025ರ ಜುಲೈ ಹೊತ್ತಿಗೆ ಇಂಥ ಚೀಟಿಗಳು 500 ಕೋಟಿ ದಾಟಿದವು. ಹಿಂದೆ ನಿಂತ ಗಂಡಸರ ಗೊಣಗಾಟಕ್ಕೂ ಕಾರಣವಿದೆ: 2025ರ ಜನವರಿಯಲ್ಲಿ ಟಿಕೆಟ್ ದರ ಶೇ 15 ಏರಿತು. ಹೆಂಗಸರ ಪುಕ್ಕಟೆ ಪ್ರಯಾಣದ ಮೇಲಿನ ಮೊದಲಿನ ಕುಶಾಲಿನಲ್ಲಿ ಈಗ ಸ್ವಲ್ಪ ಹುಳಿ ಸೇರಿದೆ.

ಇವರೆಲ್ಲ ಹೊರಟದ್ದೆಲ್ಲಿಗೆ? ಒಬ್ಬಳು ಆಸ್ಪತ್ರೆಗೆ, ಒಬ್ಬಳು ಸಂಘದ ಕಂತು ಕಟ್ಟಲು ಬ್ಯಾಂಕಿಗೆ, ಇಬ್ಬರು ಕೊಬ್ಬರಿ ಪುಡಿ ಫ್ಯಾಕ್ಟರಿಗೆ. ಕಿಟಕಿ ಪಕ್ಕದವಳು, ಫೈಲನ್ನು ಎದೆಗವಚಿಕೊಂಡವಳು, ಪಂಚಾಯ್ತಿ ಮೆಂಬರು. ತಾಲ್ಲೂಕು ಪಂಚಾಯ್ತಿ ಆಫೀಸಿಗೆ ಹೊರಟಿದ್ದಾಳೆ.

ಮಂತ್ರಿ ನಜೀರ್ ಸಾಬರ ಕಾಲದ 1983ರ ಪಂಚಾಯ್ತಿ ಕಾಯ್ದೆ ಹೆಂಗಸರಿಗೆ ಕಾಲು ಪಾಲು ಸೀಟು ಕೊಟ್ಟಿತು. 2010ರಲ್ಲಿ ಅದು ಅರ್ಧಕ್ಕೇರಿತು. ಸೀಟು ಬಂತು, ಸೀಟಿನವರೆಗೆ ಹೋಗುವುದು ಮಾತ್ರ ಬಹುಕಾಲ ಗಂಡನ ಬೈಕಿನ ಹಿಂದೆ. ಮೆಂಬರು ಅವಳು, ಬೈಕು ಅವನದು. ಹಾಗಾಗಿ ಮೀಟಿಂಗಿನಲ್ಲೂ ಅವನೇ ಮುಂದಿನ ಕುರ್ಚಿಯಲ್ಲಿ. ಈ ಸೊನ್ನೆ ಚೀಟಿ ಆ ಬೈಕಿನಿಂದ ಅವಳನ್ನು ಇಳಿಸಿದೆ ಅನ್ನಿಸುತ್ತದೆ ನನಗೆ. ಯೋಜನೆ ಬರೆದವರಿಗೆ ಇದು ಹೊಳೆದಿತ್ತೋ ಇಲ್ಲವೋ.

ಆದರೆ ಚೀಟಿ ಹರಿಯಬೇಕಾದರೂ ಮೊದಲು ಬಸ್ಸು ಬರಬೇಕಲ್ಲ. ಇದು ದೊಡ್ಡ ರಸ್ತೆ. ತೆಂಗಿನ ಸಾಲಿನೊಳಗೆ ಒಂದೆರಡು ಮೈಲಿ ಒಳಗಿರುವ ಹಟ್ಟಿ, ಪಾಳ್ಯದವರು ಇಲ್ಲಿವರೆಗೆ ನಡೆದೇ ಬರಬೇಕು. ಇಲ್ಲವೆಂದರೆ ಆಟೋಗೆ ಕಾಸು. ಗ್ರಾಮಸಭೆಯಲ್ಲಿ ಈ ದೂರದ ಕಷ್ಟ ಪೂರ್ತಿ ಬಯಲಾಗುತ್ತದೆ. ಹನ್ನೊಂದಕ್ಕೆ ಅಂತ ಡಂಗುರ, ಶುರುವಾಗುವುದು ಒಂದಕ್ಕೆ. ಮೊದಲು ಬಂದವರು ಹಾಜರಿ ಪುಸ್ತಕಕ್ಕೆ ಸಹಿಯೋ ಹೆಬ್ಬೆಟ್ಟೋ ಒತ್ತಿ ಕೂರುತ್ತಾರೆ. ಚರಂಡಿ, ಬೀದಿದೀಪ, ಕೊಳಾಯಿ ಮುಗಿದು ಮನೆ ಹಂಚಿಕೆಯ ಪಟ್ಟಿ ಓದುವ ಹೊತ್ತಿಗೆ ದನಕ್ಕೆ ನೀರು ತೋರಿಸುವ ಹೊತ್ತು. ದೂರದವರು ಸೆರಗು ಕೊಡವಿ ಏಳುತ್ತಾರೆ. ಪುಸ್ತಕದಲ್ಲಿ ಅವರೆಲ್ಲ ಹಾಜರು.

ಕಂಡಕ್ಟರ್ ಸೀಟಿ ಊದಿದ. ಮೆಂಬರಮ್ಮ ಕಿಟಕಿಯಿಂದ ಬಗ್ಗಿ ಹುಣಸೆ ಮರದ ಕೆಳಗಿನವಳಿಗೆ ಕೂಗಿದಳು: "ಸಂಜೆ ಬಸ್ಸು ಸಿಕ್ಕಿದ್ರೆ ಮಾತಾಡನ, ನಿಮ್ಮ ಹಟ್ಟಿ ರಸ್ತೆದು!"