ದೆಹಲಿಗೆ ವರ್ಗವಾದರೆ ಮನೆ ಎಲ್ಲಿ ಮಾಡಬೇಕು?

ದೆಹಲಿಗೆ ವರ್ಗವಾದವರು ಮೊದಲು ವಿಚಾರಿಸುವುದು ಬಾಡಿಗೆಯನ್ನು. ತಲಪಾಡಿ ದಾಟಿದೊಡನೆ ಪಠ್ಯವೂ ಪ್ರವೇಶದ ನಿಯಮಗಳೂ ಬದಲಾಗುವುದನ್ನು ಬಲ್ಲ ನಾವು ಮೊದಲು ಗಡಿಯನ್ನು ವಿಚಾರಿಸಬೇಕು. ನೋಯ್ಡಾ, ಗಾಜಿಯಾಬಾದ್‌ಗಳು ಉತ್ತರ ಪ್ರದೇಶಕ್ಕೆ ಸೇರಿದವು. ಗುರುಗ್ರಾಮ, ಫರೀದಾಬಾದ್‌ಗಳು ಹರಿಯಾಣಕ್ಕೆ. ಮೆಟ್ರೊ ರೈಲಿನಲ್ಲಿ ಕುಳಿತವರಿಗೆ ಈ ಗಡಿಗಳು ತಿಳಿಯುವುದೇ ಇಲ್ಲ. ತಿಳಿಯುವುದು ಕಾಲೇಜು ಪ್ರವೇಶದ ವೇಳೆಗೆ. ದೆಹಲಿ ತಾಂತ್ರಿಕ ವಿಶ್ವವಿದ್ಯಾಲಯದ ಬಿ.ಟೆಕ್. ಸೀಟುಗಳಲ್ಲಿ ಶೇ. 85ರಷ್ಟು, ದೆಹಲಿಯ ಶಾಲೆಗಳಲ್ಲಿ 12ನೆಯ ತರಗತಿ ಮುಗಿಸಿದವರಿಗೆ ಮೀಸಲು. ಅಲ್ಲಿ ಲೆಕ್ಕಕ್ಕೆ ಬರುವುದು ಮನೆಯ ವಿಳಾಸವಲ್ಲ, ಶಾಲೆಯಿರುವ ಸ್ಥಳ.

ಲೋಧಿ ಎಸ್ಟೇಟಿನಲ್ಲಿ ದೆಹಲಿ ಕನ್ನಡ ಶಾಲೆಯಿದೆ. ಹೆಸರು ನೋಡಿ ಕನ್ನಡ ಮಾಧ್ಯಮವೆಂದು ಭಾವಿಸದೆ, ತಮ್ಮ ಮಗುವಿನ ತರಗತಿಯಲ್ಲಿ ಕನ್ನಡವನ್ನು ಹೇಗೆ ಕಲಿಸುತ್ತಾರೆಂದು ಕೇಳಿಕೊಳ್ಳುವುದು ಒಳಿತು. ಫರೀದಾಬಾದಿನಿಂದ ನೇರಳೆ ಮಾರ್ಗದ ಮೆಟ್ರೊ ಆ ಭಾಗಕ್ಕೆ ನೇರವಾಗಿ ಬರುತ್ತದೆ. ಆದರೆ ದೂರವನ್ನು ಅಳೆಯಬೇಕಾದದ್ದು ಜನವರಿಯ ಬೆಳಗಿನಲ್ಲಿ: ದಟ್ಟ ಮಂಜು, ಕೆಲವೊಮ್ಮೆ 5 ಡಿಗ್ರಿಗಿಂತಲೂ ಕೆಳಗಿಳಿಯುವ ಚಳಿ, ಕೈಯಲ್ಲಿ ನಿದ್ದೆಗಣ್ಣಿನ ಮಗು.

ಅಲ್ಲಿನ ಸಾಮಾನ್ಯ ಮನೆಗಳಲ್ಲಿ ಕೋಣೆ ಬೆಚ್ಚಗಿಡುವ ವ್ಯವಸ್ಥೆಯಿರುವುದಿಲ್ಲ. ಇಕ್ಕಟ್ಟಾದ ಗಲ್ಲಿಯ ನೆಲಅಂತಸ್ತಿಗೆ ಚಳಿಗಾಲದ ಓರೆಬಿಸಿಲು ತಲುಪದು. ದಕ್ಷಿಣಕ್ಕೆ ಕಿಟಕಿಯುಳ್ಳ ಮೇಲಂತಸ್ತಿಗೆ ತಲುಪುತ್ತದೆ. ದಕ್ಷಿಣವೆಂದರೆ ಮುಖ ಸಿಂಡರಿಸುವ ಹಿರಿಯರು ಅಲ್ಲೊಂದು ಚಳಿಗಾಲ ಕಳೆದು ನೋಡಲಿ.