1:72ರ ಮಾರುತ: ಯುದ್ಧವಿಮಾನದ ಮಾದರಿ ಕಟ್ಟುತ್ತ ಅನುಪಾತ ಕಲಿಸುವ ಬಗೆ

ಬೋಧನಾಭ್ಯಾಸದ ಪಾಠಗಳಲ್ಲಿ ಮಾದರಿಗಳಿಗೆ ಕೊರತೆಯಿಲ್ಲ. ಥರ್ಮಾಕೋಲಿನ ಹೃದಯ, ರಟ್ಟಿನ ಜ್ವಾಲಾಮುಖಿ, ತಂತಿಯಲ್ಲಿ ತೂಗುವ ಸೌರಮಂಡಲ. ಇವನ್ನು ಪ್ರಶಿಕ್ಷಣಾರ್ಥಿಗಳಾದ ನಾವು ರಾತ್ರಿ ಕೂತು ಮಾಡುತ್ತೇವೆ, ಬೆಳಗ್ಗೆ ಮೇಜಿನ ಮೇಲೆ ಇಡುತ್ತೇವೆ, ಮಕ್ಕಳು ನೋಡುತ್ತಾರೆ. ಅಳೆದವರು, ಕತ್ತರಿಸಿದವರು, ಕೂಡಿಸಿದವರು ನಾವು. ಹಾಗಾದರೆ ಕಲಿತವರು ಯಾರು? ಮಾದರಿ ಕಟ್ಟುವ ಕೆಲಸದಲ್ಲಿ ಯಾವ ಭಾಗವನ್ನು ಮಕ್ಕಳ ಕೈಗೆ ಕೊಡಬೇಕು ಎಂಬುದನ್ನು ಜೆಟ್ ಯುದ್ಧವಿಮಾನದ ಮಾದರಿಯೊಂದರ ಮೂಲಕ ಇಲ್ಲಿ ವಿವರಿಸುತ್ತೇನೆ. ಈ ಪಾಠವನ್ನು ಕಾಗವಾಡ ತಾಲ್ಲೂಕಿನ ಜುಗೂಳದಲ್ಲಿ ಎಂಟನೇ ತರಗತಿಗೆ ಮೂರು ಅವಧಿಗಳಲ್ಲಿ ಮಾಡಿದೆ.

ಗೊಂಬೆಯೂ ಮಾದರಿಯೂ

ಕೃಷ್ಣಾ ತೀರದ ಈ ಊರಿನ ಮಕ್ಕಳಿಗೆ ಮಾದರಿ ಹೊಸದಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುತ್ತಾರೆ, ಜೋಳದ ದಂಟಿನಿಂದ ಬಂಡಿ ಮಾಡುತ್ತಾರೆ. ಪೂರ್ವಜ್ಞಾನ ಪರೀಕ್ಷೆಗೆ ನಾನು ಇದನ್ನೇ ಬಳಸಿದೆ: ಮಣ್ಣೆತ್ತಿನ ಕೋಡು ಮತ್ತು ಕಾಲಿನ ಉದ್ದಗಳಿಗೆ ಇರುವ ಸಂಬಂಧ ನಿಜವಾದ ಎತ್ತಿನಲ್ಲಿಯೂ ಹಾಗೇ ಇದೆಯೇ? ಇಲ್ಲ ಎಂದು ಮಕ್ಕಳೇ ಹೇಳಿದರು. ಕೋಡು ದೊಡ್ಡದು, ಕಾಲು ಗಿಡ್ಡ. ಎಲ್ಲ ಅಳತೆಗಳೂ ಒಂದೇ ಸಂಖ್ಯೆಯಿಂದ ಕುಗ್ಗಿದ್ದರೆ ಮಾತ್ರ ಅದು ಪ್ರಮಾಣಬದ್ಧ ಮಾದರಿ, ಇಲ್ಲದಿದ್ದರೆ ಗೊಂಬೆ. ಅನುಪಾತದ ವ್ಯಾಖ್ಯೆಗೆ ಇದಕ್ಕಿಂತ ಒಳ್ಳೆಯ ಪ್ರವೇಶ ನನಗೆ ಸಿಗಲಿಲ್ಲ.

ಒಂದು ಸೂಚನೆ: ಇಲ್ಲಿ ‘ಸ್ಕೇಲ್’ ಎಂಬ ಪದ ಬಳಸಬೇಡಿ. ಮಕ್ಕಳಿಗೆ ಸ್ಕೇಲ್ ಎಂದರೆ ಕಂಪಾಸ್ ಪೆಟ್ಟಿಗೆಯ ಪಟ್ಟಿ. ‘ಅಳತೆ ಪ್ರಮಾಣ’ ಎಂದರೆ ಗೊಂದಲವಿಲ್ಲ.

ಕಿಟ್ ಎಂದರೇನು?

ವಿಮಾನದ ಕಿಟ್ ಎಂದರೆ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಬಿಡಿಭಾಗಗಳು, ಅವುಗಳನ್ನು ಹಿಡಿದಿಟ್ಟ ಚೌಕಟ್ಟು, ಕ್ರಮವಾರು ಚಿತ್ರಗಳ ಸೂಚನಾ ಹಾಳೆ ಮತ್ತು ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳು. 1936ರಲ್ಲಿ ಬ್ರಿಟನ್ನಿನ ಫ್ರಾಗ್ ಕಂಪನಿ ‘ಪೆಂಗ್ವಿನ್’ ಹೆಸರಿನಲ್ಲಿ 1:72 ಪ್ರಮಾಣದ ಪ್ಲಾಸ್ಟಿಕ್ ಕಿಟ್‌ಗಳನ್ನು ಮಾರುಕಟ್ಟೆಗೆ ತಂದಿತು. 72 ಏಕೆ? ಆರು ಅಡಿಯಲ್ಲಿ 72 ಅಂಗುಲ. ಆರು ಅಡಿಯ ಪೈಲಟ್ ಈ ಪ್ರಮಾಣದಲ್ಲಿ ಸರಿಯಾಗಿ ಒಂದು ಅಂಗುಲ ಆಗುತ್ತಾನೆ.

ಮನೆಯಲ್ಲಿ ಜೋಡಿಸಿದ್ದ ಮಿಗ್-21ರ 1:72 ಮಾದರಿಯನ್ನು ನಾನು ತರಗತಿಗೆ ಒಯ್ದಿದ್ದೆ. ಕಿಟ್ ದುಬಾರಿ, ಮಕ್ಕಳಿಗೆಲ್ಲ ಒಂದೊಂದು ಕೊಡಲಾಗದು. ಆದ್ದರಿಂದ ಅದು ನೋಡಲಿಕ್ಕೆ. ಕಟ್ಟಲಿಕ್ಕೆ ರಟ್ಟಿನ ಮಾರುತ.

ಮಾರುತವೇ ಏಕೆ?

ಎಚ್‌ಎಫ್-24 ಮಾರುತ ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯಲ್ಲಿ ಜರ್ಮನ್ ವಿನ್ಯಾಸಕಾರ ಕರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡ ವಿಮಾನ. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಮೊದಲ ಬಾರಿ ಹಾರಿಸಿದರು. ಒಟ್ಟು 147 ವಿಮಾನಗಳು ತಯಾರಾದವು; 1971ರ ಯುದ್ಧದಲ್ಲಿ ಬಳಕೆಯಾದವು. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದನ್ನು ನೋಡಬಹುದು.

ಶಿಕ್ಷಕರಾದ ನಮಗೆ ಹೆಚ್ಚು ಬೇಕಾದ ಸಂಗತಿ ಇನ್ನೊಂದು. ಜೆಟ್ ಕಟ್ಟುವ ಮೊದಲು, 1959ರಲ್ಲಿ, ಅದೇ ಆಕಾರದ ಪೂರ್ಣ ಗಾತ್ರದ ಮರದ ಗ್ಲೈಡರ್ ಒಂದನ್ನು ಮಾಡಿ, ಡಕೋಟಾ ವಿಮಾನದ ಹಿಂದೆ ಕಟ್ಟಿ ಎಳೆದು ಹಾರಿಸಿ ಪರೀಕ್ಷಿಸಿದರು. ಅಂದರೆ ಎಂಜಿನಿಯರರಿಗೆ ಮಾದರಿ ಪ್ರದರ್ಶನದ ವಸ್ತುವಲ್ಲ, ಪ್ರಶ್ನೆ ಕೇಳುವ ಸಾಧನ. ತರಗತಿಯಲ್ಲಿಯೂ ಅದು ಹಾಗೇ ಆಗಬೇಕು.

ಮಾರುತದ ಅಳತೆಗಳು ಲೆಕ್ಕಕ್ಕೂ ಒಗ್ಗುತ್ತವೆ. ಉದ್ದ 15.87 ಮೀ., ರೆಕ್ಕೆಯ ಹರವು 9 ಮೀ., ಎತ್ತರ 3.6 ಮೀ. ಇವನ್ನು 72ರಿಂದ ಭಾಗಿಸಿದರೆ ಕ್ರಮವಾಗಿ 22 ಸೆಂ.ಮೀ., 12.5 ಸೆಂ.ಮೀ., 5 ಸೆಂ.ಮೀ. ನೋಟುಬುಕ್ಕಿನ ರಟ್ಟಿನಲ್ಲಿ ಹಿಡಿಯುತ್ತದೆ.

ಜೋಡಣೆಯ ಕ್ರಮಕ್ಕೆ ಕಾರಣಗಳಿವೆ

ಕಿಟ್ ತೋರಿಸುವಾಗ ಪ್ರತಿ ಹಂತಕ್ಕೂ ‘ಏಕೆ’ ಎಂದು ಕೇಳಬಹುದು.

1. ಪೈಲಟ್ ಕೂರುವ ಕೋಣೆಗೆ ಮೊದಲು ಬಣ್ಣ. ಒಡಲಿನ ಎರಡು ಹೋಳು ಕೂಡಿದ ಮೇಲೆ ಕುಂಚ ಒಳಗೆ ಹೋಗುವುದಿಲ್ಲ.
2. ಭಾಗಗಳನ್ನು ಮೊದಲು ಅಂಟಿಲ್ಲದೆ ಕೂಡಿಸಿ ನೋಡಬೇಕು. ಈ ಕೆಲಸದ ಅಂಟು ಪ್ಲಾಸ್ಟಿಕ್ಕಿನ ಮೇಲ್ಪದರವನ್ನೇ ಕರಗಿಸಿ ಎರಡನ್ನೂ ಬೆಸೆಯುತ್ತದೆ; ಒಣಗಿದರೆ ಬಿಡಿಸಲಾಗದು.
3. ಮುಂದೊಂದು, ಹಿಂದೆರಡು ಗಾಲಿ ಇರುವ ಮಾದರಿಯ ಮೂತಿಯೊಳಗೆ ಸಣ್ಣ ತೂಕ ಇಡಬೇಕಾಗಬಹುದು. ಹಿಂಬದಿ ಭಾರವಾದರೆ ಮಾದರಿ ಬಾಲದ ಮೇಲೆ ಕೂರುತ್ತದೆ. ಇದು ಸನ್ನೆಯ ತತ್ತ್ವ: ಗಾಲಿಯಿಂದ ದೂರದ ಮೂತಿಯಲ್ಲಿ ಸ್ವಲ್ಪ ತೂಕ ಸಾಕು.
4. ಕೂಡಿದ ಗೆರೆಯನ್ನು ನಯವಾದ ಪಾಲಿಶ್ ಕಾಗದದಿಂದ ಉಜ್ಜಿ ಸಮ ಮಾಡಿದ ಮೇಲೆಯೇ ಬಣ್ಣ.

ಬಣ್ಣದ ದಪ್ಪಕ್ಕೂ ಅನುಪಾತ

ಮಾದರಿಗೆ ಬಣ್ಣವನ್ನು ತೆಳುವಾಗಿ, ಹಲವು ಪದರಗಳಲ್ಲಿ ಹಚ್ಚುವುದು ಅಂದಕ್ಕಾಗಿ ಮಾತ್ರವಲ್ಲ. ಬಣ್ಣದ ಪದರ 0.1 ಮಿ.ಮೀ. ದಪ್ಪವಾದರೆ, 72ರಿಂದ ಗುಣಿಸಿ ನೋಡಿ: ನಿಜ ವಿಮಾನದ ಮೇಲೆ 7.2 ಮಿ.ಮೀ. ದಪ್ಪ ಬಳಿದಂತೆ. ಆಗ ತಗಡಿನ ಜೋಡಣೆಯ ಗೆರೆಗಳು ಮುಚ್ಚಿಹೋಗಿ, ವಿಮಾನ ಸುಣ್ಣ ಬಳಿದ ಗೋಡೆಯಂತೆ ಕಾಣುತ್ತದೆ. ಕುಂಚದವರು ಬಣ್ಣ ತೆಳು ಮಾಡಿ, ಒಂದು ಪದರ ಒಣಗಿದ ಮೇಲೆ ಇನ್ನೊಂದು ಹಚ್ಚುತ್ತಾರೆ.

ಮೊದಲು ಹಿನ್ನೆಲೆಯ ಬಣ್ಣ, ಆಮೇಲೆ ತಿಳಿ ಬಣ್ಣ, ನಂತರ ಗಾಢ ಬಣ್ಣ. ತಿಳಿ ಬಣ್ಣ ಗಾಢವನ್ನು ಸುಲಭವಾಗಿ ಮುಚ್ಚದು. ಗುರುತು ಅಂಟಿಸುವ ಮುನ್ನ ಹೊಳಪಿನ ವಾರ್ನಿಶ್ ಹಚ್ಚುತ್ತಾರೆ. ಒರಟು ಮೈಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ. ಕೊನೆಗೆ ಹೊಳಪಿಲ್ಲದ ವಾರ್ನಿಶ್. ವಾಯುಪಡೆಯ ವೃತ್ತದಲ್ಲಿ ಹೊರಗೆ ಹಸಿರು, ನಡುವೆ ಬಿಳಿ, ಒಳಗೆ ಕೇಸರಿ ಎಂಬುದನ್ನು ಮಕ್ಕಳು ರಟ್ಟಿನ ರೆಕ್ಕೆಯ ಮೇಲೆ ಕೈವಾರದಿಂದ ಬರೆದರು.

ಮೂರು ಅವಧಿಗಳು

ಮೊದಲ ಅವಧಿ ಅಂಗಳದಲ್ಲಿ. ಖೋಖೋ ಅಂಕಣಕ್ಕೆ ಹಾಕುವಂತೆ ಸುಣ್ಣದ ಪುಡಿಯಿಂದ 15.87 ಮೀಟರಿನ ಗೆರೆ, ಅದಕ್ಕೆ ಲಂಬವಾಗಿ 9 ಮೀಟರಿನದು. ಲಂಬಕೋನಕ್ಕೆ 3, 4, 5 ಮೀಟರ್ ಅಂತರದ ಗಂಟುಗಳಿರುವ ಹಗ್ಗ. ಹಿರಿಯರ ಖೋಖೋ ಅಂಕಣದ ಅಗಲ 16 ಮೀಟರ್. ಮಾರುತದ ಉದ್ದ ಹೆಚ್ಚುಕಡಿಮೆ ಅಷ್ಟೇ ಎಂದು ಮಕ್ಕಳೇ ಗುರುತಿಸಿದರು.

ಎರಡನೆಯ ಅವಧಿಯಲ್ಲಿ ನಾಲ್ಕು ನಾಲ್ಕು ಮಕ್ಕಳ ಗುಂಪು. ಅಳತೆಗಳನ್ನು ನಾನು ಮೀಟರಿನಲ್ಲಿ ಮಾತ್ರ ಕೊಟ್ಟೆ. ಸೆಂಟಿಮೀಟರಿಗೆ ತಿರುಗಿಸಿ 72ರಿಂದ ಭಾಗಿಸುವುದು ಅವರ ಕೆಲಸ. ಮೇಲ್ನೋಟ, ಪಾರ್ಶ್ವನೋಟ ಎರಡನ್ನೂ ರಟ್ಟಿನಲ್ಲಿ ಕತ್ತರಿಸಿ ಸೀಳಿನಲ್ಲಿ ಕೂಡಿಸಿದರು. ಮೂರನೆಯ ಅವಧಿ ಬಣ್ಣಕ್ಕೆ, ಚರ್ಚೆಗೆ.

86 ಕಿಲೋದ ಮಾದರಿ

ಪಾಠದ ಜೀವಾಳ ಈ ಚರ್ಚೆ. ಖಾಲಿ ಮಾರುತದ ತೂಕ ಸುಮಾರು 6,200 ಕಿ.ಗ್ರಾಂ. ಅದೇ ವಸ್ತುವಿನಿಂದ 1:72ರಲ್ಲಿ ಮಾಡಿದರೆ ತೂಕವೆಷ್ಟು? ಬಹುತೇಕ ಗುಂಪುಗಳು 72ರಿಂದ ಭಾಗಿಸಿ 86 ಎಂದವು. ನಾನು ತಪ್ಪು ಎನ್ನಲಿಲ್ಲ. ಒಬ್ಬ ಹುಡುಗಿಯ ಕೈಗೆ ಮಿಗ್ ಮಾದರಿ ಕೊಟ್ಟೆ. ಹಿಂದಿನ ಸಾಲಿನಿಂದ ಒಬ್ಬ ಕೂಗಿದ: “ಸರ್, 86 ಕಿಲೋ ಅಂದ್ರ ಎರಡು ಯೂರಿಯಾ ಚೀಲ ಆತಲ್ರಿ! ಇದನ್ನ ಆಕಿ ಒಂದ ಕೈಲೆ ಹಿಡದಾಳ!”

ಆಗ ಘನಗಳ ಚಿತ್ರ ಬರೆದೆವು. ಉದ್ದ, ಅಗಲ, ಎತ್ತರ ಮೂರೂ 72 ಪಟ್ಟು ಕುಗ್ಗುತ್ತವೆ. ಆದ್ದರಿಂದ ಮೈಯ ವಿಸ್ತೀರ್ಣ 5,184ರಲ್ಲಿ ಒಂದು ಪಾಲು, ಗಾತ್ರ 3,73,248ರಲ್ಲಿ ಒಂದು ಪಾಲು. ತೂಕ ಸುಮಾರು 17 ಗ್ರಾಂ. ಈ ಅಚ್ಚರಿ ಹುಟ್ಟಬೇಕಾದರೆ ಮಕ್ಕಳ ಬಳಿ ತಾವೇ ಮಾಡಿದ ಲೆಕ್ಕವೂ ಕೈಯಲ್ಲಿ ಹಿಡಿದ ವಸ್ತುವೂ ಇರಬೇಕು.

ಮೌಲ್ಯಮಾಪನ, ಎಚ್ಚರಿಕೆ

ಎರಡು ಪ್ರಶ್ನೆ ಸಾಕು. ಒಂದು: 1:72, 1:48 ಇವುಗಳಲ್ಲಿ ಯಾವ ಮಾದರಿ ದೊಡ್ಡದು? 72 ದೊಡ್ಡ ಸಂಖ್ಯೆ ಎಂದು ಮೋಸಹೋಗುವವರಿಗೆ ಭಿನ್ನರಾಶಿ ಮತ್ತೆ ಕಲಿಸಬೇಕು. ಎರಡು: 1:48ರಲ್ಲಿ ಮಾರುತದ ಉದ್ದವೆಷ್ಟು? ಉತ್ತರ 33 ಸೆಂ.ಮೀ.

ಕಿಟ್ಟಿನ ಅಂಟು ಮತ್ತು ಚೂರಿ ಶಿಕ್ಷಕರ ಕೈಯಲ್ಲಿಯೇ ಇರಲಿ. ಅಂಟಿನ ಆವಿ ಮುಚ್ಚಿದ ಕೋಣೆಗೆ ತಕ್ಕುದಲ್ಲ. ರಟ್ಟಿಗೆ ಫೆವಿಕಾಲ್, ಪೋಸ್ಟರ್ ಬಣ್ಣ ಸಾಕು. ಯುದ್ಧವಿಮಾನ ಆಯುಧ ಎಂಬುದನ್ನೂ ಮರೆಮಾಚಬೇಕಿಲ್ಲ. ‘ಇದು ಬಾಂಬ್ ಹಾಕತದೇನ್ರಿ?’ ಎಂದು ಕೇಳಿದರೆ ಹೌದು ಎನ್ನಿ, ಅದು ಬೀಳುವುದು ಊರುಗಳ ಮೇಲೂ ಎಂಬುದನ್ನು ಹೇಳಿ, ಲೆಕ್ಕಕ್ಕೆ ಮರಳಿ.

ಪಾಠಯೋಜನೆಯ ‘ಬೋಧನೋಪಕರಣಗಳು’ ಎಂಬ ಸಾಲಿನಲ್ಲಿ ಮಾದರಿಯ ಹೆಸರು ಬರೆಯುವಾಗ ಪಕ್ಕದಲ್ಲಿ ಇನ್ನೊಂದು ಮಾತನ್ನೂ ಬರೆಯೋಣ: ಇದರಲ್ಲಿ ಮಕ್ಕಳು ಅಳೆಯುವುದು ಏನು? ಅಲ್ಲಿ ಬರೆಯಲು ಏನೂ ಇಲ್ಲದಿದ್ದರೆ ಆ ಮಾದರಿ ಮೇಜಿನ ಅಲಂಕಾರ ಮಾತ್ರ.